ದುರ್ಗದಲ್ಲಿ ಆಟೋ ಹತ್ತಿದರೆ ನೀರಿನ ದಾರಿ ಹಿಡಿಯಿರಿ

ನಾನು ಚಿತ್ರದುರ್ಗದಲ್ಲಿ ಆಟೋ ಓಡಿಸಲು ಶುರು ಮಾಡಿ 22 ವರ್ಷ ಆಯಿತು. ಬಸ್ ಇಳಿದ ಪರಊರಿನವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು. ‘ಕೋಟೆಗೆ ಬಿಡಪ್ಪಾ.’ ಬಿಡುತ್ತೇನೆ. ಅವರು ಮೇಲೆ ಹತ್ತುತ್ತಾರೆ, ಓಬವ್ವನ ಕಿಂಡಿ ಹತ್ತಿರ ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದು ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಾರೆ. ನೋಡಿ ನನಗೆ ಬೇಜಾರಾಗುತ್ತದೆ. ನಮ್ಮ ಕೋಟೆ ಬೆಟ್ಟದ ಮೇಲೇ ಮುಗಿಯುವುದಿಲ್ಲ. ಅದರ ಬಾಗಿಲುಗಳು, ಹೊಂಡಗಳು ಪೇಟೆಯೊಳಗೂ ಇವೆ. ಅವನ್ನು ನೋಡಲು ಆಟೋದಷ್ಟು ಅನುಕೂಲದ ಗಾಡಿ ಇನ್ನೊಂದಿಲ್ಲ. ಕಾರು ಸಿಕ್ಕಿಕೊಳ್ಳುವ ಓಣಿಯಲ್ಲಿ ಆಟೋ ಸಲೀಸಾಗಿ ತಿರುಗುತ್ತದೆ. ಗಾಜಿಲ್ಲ, ಬಾಗಿಲಿಲ್ಲ. ‘ಅದೇನು?’ ಅಂತ ಕೇಳಿದ ಕಡೆ ಕಾಲು ಕೆಳಗಿಟ್ಟರೆ ಸಾಕು.

ಎಲ್ಲಿಂದ ಎಲ್ಲಿಗೆ ಸುತ್ತಬೇಕು ಅನ್ನುವುದಕ್ಕೆ ನನಗೊಂದು ಲೆಕ್ಕ ಸಿಕ್ಕಿದ್ದು ನಮ್ಮಜ್ಜಿಯಿಂದ. ಅಜ್ಜಿಯ ಮನೆ ದೊಡ್ಡಪೇಟೆಯಲ್ಲಿತ್ತು. ಜೋರು ಮಳೆ ಬಂದ ಮರುದಿನ ಅವರು ‘ಎಷ್ಟು ಮಳೆ ಆಯ್ತು’ ಅಂತ ಕೇಳುತ್ತಿರಲಿಲ್ಲ. ‘ಮ್ಯಾಗಳ ಹೊಂಡ ತುಂಬೈತೇನೋ?’ ಅಂತ ಕೇಳುತ್ತಿದ್ದರು. ದುರ್ಗ ಮಳೆ ಕಡಿಮೆ ಬೀಳುವ ಊರು. ಬಂಡೆ ಮೇಲೆ ಬಿದ್ದ ಹನಿಯನ್ನೂ ಬಿಡದೆ ಹಿಡಿದಿಟ್ಟುಕೊಂಡಿದ್ದಕ್ಕೇ ಇಲ್ಲಿ ಕೋಟೆ ನಿಂತಿತು, ಜನ ನಿಂತರು. ಆದ್ದರಿಂದ ಮೇಲಿಂದ ಕೆಳಕ್ಕೆ ನೀರು ಇಳಿದ ದಾರಿಯಲ್ಲೇ ಊರು ನೋಡಿ ಅನ್ನುತ್ತೇನೆ.

ಮೊದಲು ಆಟೋ ಮಾತಾಡುವ ವಿಷಯ. ‘ಊರೆಲ್ಲಾ ತೋರಿಸಿ’ ಅಂತ ಮಾತ್ರ ಹತ್ತಬೇಡಿ. ನಿಮಗೂ ಡ್ರೈವರ್‌ಗೂ ಕೊನೆಗೆ ಮನಸ್ತಾಪ ಆಗುವುದು ಅಲ್ಲೇ. ಹೋಗುವ ಜಾಗಗಳ ಹೆಸರು ಒಂದೊಂದಾಗಿ ಹೇಳಿ. ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಹೇಳಿ, ಆಮೇಲೆ ದುಡ್ಡು ಮಾತಾಡಿ. ಕೋಟೆ ಹತ್ತಿ ಇಳಿಯಲು ಮೂರ್ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಆಟೋ ಕಾಯಿಸುವುದು ದಂಡ. ಅಲ್ಲಿಯವರೆಗಿನ ಬಾಡಿಗೆ ಕೊಟ್ಟು, ಫೋನ್ ನಂಬರ್ ತೆಗೆದುಕೊಂಡು ಕಳಿಸಿಬಿಡಿ. ಇಳಿಯುವ ಅರ್ಧ ಗಂಟೆ ಮುಂಚೆ ಫೋನ್ ಮಾಡಿದರೆ ಬರುತ್ತಾರೆ. ನನ್ನಂಥವರಿಗೂ ಅದೇ ಒಳ್ಳೆಯದು, ನಡುವೆ ನಾಲ್ಕು ಬಾಡಿಗೆ ಆಗುತ್ತದೆ.

ಆಟೋದಲ್ಲಿ ಡ್ರೈವರ್ ಬಿಟ್ಟು ಮೂರೇ ಜನ. ಸಮತಟ್ಟಾದ ಊರಿನಲ್ಲಿ ಐದು ಜನ ತುಂಬಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ನಮ್ಮದು ಏರುತಗ್ಗಿನ ಊರು, ಇಲ್ಲಿ ಅದು ಬೇಡ. ಮಕ್ಕಳನ್ನು ನಡುವೆ ಕೂರಿಸಿ. ಸೀರೆ ಸೆರಗು, ದುಪಟ್ಟಾ ಹೊರಗೆ ಹಾರದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ದುರ್ಗದ ಗಾಳಿ ಸುಮ್ನೆ ಅಲ್ಲ, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದೇ ಅದಕ್ಕೆ. ಇನ್ನೊಂದು, ಆಟೋದ ಟಾಪು ತಗ್ಗು. ಒಳಗೆ ಕೂತರೆ ರಸ್ತೆ ಕಾಣುತ್ತದೆ, ಬೆಟ್ಟದ ತುದಿ ಕಾಣುವುದಿಲ್ಲ. ಚೆನ್ನಾಗಿ ಕಾಣುವ ತಿರುವಿನಲ್ಲಿ ನಿಲ್ಲಿಸಿ ಅಂತ ಮೊದಲೇ ಹೇಳಿಡಿ.

ಬೆಳಗ್ಗೆ ಬೇಗ ಹೊರಡಿ. ಮಾರ್ಚ್‌ನಿಂದ ಮೇವರೆಗೆ ಬಂದರೆ ಹತ್ತು ಗಂಟೆಯ ಮೇಲೆ ಬಂಡೆ ಕಾದು ಕಾವಲಿ ಆಗಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಹೊಂಡಗಳಲ್ಲಿ ನೀರಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ, ರಸ್ತೆ ಬದಿ ಸೀತಾಫಲದ ಬುಟ್ಟಿಗಳೂ ಬಂದಿರುತ್ತವೆ. ಕಾಲಿಗೆ ಹಿಡಿತ ಇರುವ ಬೂಟು ಹಾಕಿ. ನೀರಿನ ಬಾಟಲಿ ತಲೆಗೊಂದು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಹೋಗಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. 15 ವರ್ಷದ ಒಳಗಿನ ಮಕ್ಕಳಿಗೆ ಕೋಟೆಯ ಟಿಕೆಟ್ ಬೇಕಿಲ್ಲ.

ಕೋಟೆಯೊಳಗೆ ಆಟೋ ಬರುವುದಿಲ್ಲ, ಅಲ್ಲಿ ನಿಮ್ಮ ಕಾಲೇ ಗಾಡಿ. ಬಾಗಿಲಲ್ಲಿ ಗೈಡ್‌ಗಳು ಸಿಗುತ್ತಾರೆ. ಒಬ್ಬರನ್ನು ಕರೆದುಕೊಳ್ಳಿ. ದುಡ್ಡು ಉಳಿಸಲು ಹೋಗಿ ಬರೀ ಕಲ್ಲು ನೋಡಿ ಬಂದವರನ್ನು ನಾನು ತುಂಬ ನೋಡಿದ್ದೇನೆ. ಒಳಗೆ ಹೋಗುವ ದಾರಿ ನೇರ ಇಲ್ಲ, ಮತ್ತೆ ಮತ್ತೆ ತಿರುಗುತ್ತದೆ. ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದು. ಗೋಡೆ ಮೇಲೆ ಕೆತ್ತಿದ ಹಾವು, ಗಂಡಭೇರುಂಡ ಹುಡುಕಿ ನೋಡಿ. ಬಂಡೆಗಳಲ್ಲಿ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ. ಅಲ್ಲಿ ಬೆಣೆ ಹೊಡೆದು ಕಲ್ಲು ಸೀಳಿದ್ದಾರೆ. ತೋಪು, ಬಂದೂಕಿನ ಮದ್ದು ಬೀಸುತ್ತಿದ್ದ ನಾಲ್ಕು ದೊಡ್ಡ ಕಲ್ಲುಗಳನ್ನಂತೂ ತಪ್ಪಿಸಬೇಡಿ. ಬೀಸುವ ಕಲ್ಲು ಅಂದರೆ ಅಡುಗೆಮನೆಯ ಕಲ್ಲು ನೆನಪಾಗುತ್ತದೆ ಅಲ್ವಾ? ಇವುಗಳ ಪಕ್ಕ ನಿಂತರೆ ನಾವು ಸಣ್ಣ ಮಕ್ಕಳ ಹಾಗೆ ಕಾಣುತ್ತೇವೆ.

ಏಕನಾಥೇಶ್ವರಿ, ಹಿಡಿಂಬೇಶ್ವರ, ದುರ್ಗ ಆಳಿದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಸಂಪಿಗೆ ಸಿದ್ದೇಶ್ವರ, ಹೀಗೆ ಗುಡಿಗಳು ಒಂದಾದ ಮೇಲೊಂದು ಬರುತ್ತವೆ. ಅವನ್ನು ಗೈಡ್ ತೋರಿಸುತ್ತಾರೆ. ನಾನು ಹೇಳುವುದು ಹೊಂಡಗಳ ಬಗ್ಗೆ. ಮೇಲೆ ಗೋಪಾಲಸ್ವಾಮಿ ಹೊಂಡ ಇದೆ. ಸುತ್ತಲಿನ ಬಂಡೆಗಳ ಮೇಲಿಂದ ಮಳೆನೀರು ಜಾರಿ ಅಲ್ಲಿ ಸೇರುತ್ತದೆ. ಅದು ತುಂಬಿ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅದೂ ತುಂಬಿದರೆ ಇನ್ನೂ ಕೆಳಗೆ. ಕಡೆಗೆ ಪೇಟೆಯ ಸಿಹಿನೀರು ಹೊಂಡ, ಅಲ್ಲಿಂದ ಸಂತೆಹೊಂಡ. ಪಂಪಿಲ್ಲ, ಪೈಪಿಲ್ಲ. ಬೆಟ್ಟದ ಇಳಿಜಾರನ್ನೇ ನಂಬಿ ಮಾಡಿದ ಕೆಲಸ. ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಹತ್ತು ನಿಮಿಷ ಕೂತು, ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಕಡೆ ಹೋಗುತ್ತದೆ ಅಂತ ನೀವೇ ಹುಡುಕಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರು ನಿಮಗಿಂತ ಮೊದಲು ಕಂಡುಹಿಡಿಯುತ್ತಾರೆ. ನೀರಿಗೆ ಮಾತ್ರ ಇಳಿಯಬಾರದು. ಅಂಚಿನ ಕಲ್ಲು ಜಾರುತ್ತದೆ.

1779ರಲ್ಲಿ ಹೈದರ್ ಅಲಿ ಕೋಟೆ ಹಿಡಿದು, ಕೊನೆಯ ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಆಗ ನಾಯಕರ ಇಬ್ಬರು ಹೆಂಡತಿಯರು ಈ ಅಕ್ಕ ತಂಗಿಯರ ಹೊಂಡಕ್ಕೆ ಹಾರಿದರು ಅಂತ ನಮ್ಮಲ್ಲಿ ಹೇಳುತ್ತಾರೆ. ಅದಕ್ಕೇ ಅಲ್ಲಿ ಯಾರಾದರೂ ಕೂಗಾಡಿದರೆ ನನಗೆ ಸರಿ ಅನ್ನಿಸುವುದಿಲ್ಲ.

ಓಬವ್ವನ ಕಿಂಡಿಯನ್ನೂ ನೀರಿನ ಲೆಕ್ಕದಲ್ಲೇ ನೋಡಿ. ಕಾವಲುಗಾರ ಊಟಕ್ಕೆ ಕೂತಿದ್ದಾಗ ಅವನ ಹೆಂಡತಿ ಓಬವ್ವ ನೀರು ತರಲು ಹೋದಳು. ಅಲ್ಲೇ ಪಕ್ಕದಲ್ಲಿ ತಣ್ಣೀರು ದೋಣಿ ಅನ್ನುವ ನೀರಿನ ತಾಣ ಇದೆ. ಬಂಡೆ ಸಂದಿಯಲ್ಲಿ ಹೈದರನ ಸೈನಿಕರು ತೂರಿ ಬರುವುದನ್ನು ಕಂಡಳು, ಒನಕೆ ಎತ್ತಿಕೊಂಡಳು. ಎಲ್ಲರಿಗೂ ಒನಕೆ ನೆನಪಿರುತ್ತದೆ, ಕೊಡ ಮರೆತುಹೋಗುತ್ತದೆ. ಮೊದಲು ತಣ್ಣೀರು ದೋಣಿ ನೋಡಿ, ಆಮೇಲೆ ನಾಲ್ಕು ಹೆಜ್ಜೆ ನಡೆದು ಕಿಂಡಿ ನೋಡಿ. ದೋಣಿಗೂ ಕಿಂಡಿಗೂ ಎಷ್ಟು ಹತ್ತಿರ ಅನ್ನುವುದು ಗೊತ್ತಾದರೆ ಕಥೆ ಕಣ್ಣ ಮುಂದೆ ಬರುತ್ತದೆ. ನವೆಂಬರ್ 11ರಂದು ಓಬವ್ವ ಜಯಂತಿ.

ಇಳಿದ ಮೇಲೆ ಆಟೋ ಹತ್ತಿ ಸಿಹಿನೀರು ಹೊಂಡಕ್ಕೆ ಬನ್ನಿ. ಮೇಲೆ ನೀವು ನೋಡಿದ ನೀರು ಕೆಳಗೆ ಬಂದು ನಿಲ್ಲುವುದು ಇಲ್ಲಿ. ನಮ್ಮಜ್ಜಿ ಕೊಡ ಹೊತ್ತದ್ದೂ ಇಲ್ಲಿಂದಲೇ. ಆಮೇಲೆ ಉಚ್ಚಂಗೆಮ್ಮನ ಗುಡಿ, ರಂಗಯ್ಯನ ಬಾಗಿಲು. ಬಾಗಿಲ ಹತ್ತಿರ ವಸ್ತುಸಂಗ್ರಹಾಲಯ ಇದೆ, ಆಸಕ್ತಿ ಇದ್ದವರಿಗೆ ಅರ್ಧ ಗಂಟೆ ಸಾಕು. ಇಲ್ಲಿ ಅವಸರ ಮಾಡಬೇಡಿ ಅಂತ ಡ್ರೈವರ್‌ಗೆ ಹೇಳಿ. ಅಂಗಡಿ, ಮನೆ, ಬೈಕುಗಳ ನಡುವೆ ತಟ್ಟನೆ ಹಳೇ ಕೋಟೆಯ ಗೋಡೆ ಎದ್ದು ನಿಲ್ಲುತ್ತದೆ. ಜೋರಾಗಿ ಹೋದರೆ ಅದು ಹಿಂದೆ ಸರಿದುಬಿಡುತ್ತದೆ.

ಹಸಿವಾದರೆ ಮಂಡಕ್ಕಿ ಒಗ್ಗರಣೆ, ಬಿಸಿ ಮೆಣಸಿನಕಾಯಿ ಬಜ್ಜಿ. ಇದಕ್ಕೆ ದೊಡ್ಡ ಹೋಟೆಲ್ ಬೇಡ, ಗಾಡಿಯವರ ಹತ್ತಿರವೇ ರುಚಿ ಜಾಸ್ತಿ. ಎಣ್ಣೆಯಿಂದ ಆಗತಾನೇ ತೆಗೆದದ್ದನ್ನೇ ಕೇಳಿ.

ಬಿಸಿಲು ಇಳಿದ ಮೇಲೆ ಚಂದ್ರವಳ್ಳಿ. ಕೋಟೆ ಬೆಟ್ಟದ ಇನ್ನೊಂದು ಮಗ್ಗುಲು ಅಂದುಕೊಳ್ಳಿ. ಆಟೋ ಕೆರೆಯ ಹತ್ತಿರದವರೆಗೂ ಹೋಗುತ್ತದೆ. ಇಲ್ಲಿ ಆಟೋ ಕಾಯಿಸಿಕೊಳ್ಳಿ, ವಾಪಸ್ ಹೋಗಲು ಬೇರೆ ಸಿಗುತ್ತದೆ ಅಂತ ನಂಬಬೇಡಿ. ಜನ ಅಂಕಲಿ ಮಠದ ಗುಹೆ ನೋಡಲು ಬರುತ್ತಾರೆ. ನೆಲದೊಳಗೆ ಕೋಣೆಯಿಂದ ಕೋಣೆಗೆ ಬಗ್ಗಿಕೊಂಡು ಇಳಿಯಬೇಕು. ಕತ್ತಲು ಅಂದರೆ ಕತ್ತಲು. ಟಾರ್ಚ್ ಇರುವ, ದಾರಿ ಗೊತ್ತಿರುವ ಸ್ಥಳೀಯರ ಜೊತೆಗೇ ಹೋಗಿ. ಉಸಿರಾಟದ ತೊಂದರೆ ಇರುವವರು, ಇಕ್ಕಟ್ಟು ಕಂಡರೆ ಹೆದರುವವರು ಹೊರಗೇ ಇರಲಿ.

ಹೊರಗೆ ಉಳಿದವರಿಗೂ ನೋಡಲು ಬೇಕಾದಷ್ಟಿದೆ. ಭೈರವೇಶ್ವರ ಗುಡಿಯ ಬಳಿ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. 4ನೇ ಶತಮಾನದ್ದು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ನಮಗೆ ಓದಲು ಬರುವುದಿಲ್ಲ. ಆದರೆ ಅದರಲ್ಲಿರುವುದು ಏನು ಗೊತ್ತಾ? ಕೆರೆಯ ವಿಷಯ! ನಾಯಕರು ಬರುವುದಕ್ಕೆ ಸಾವಿರ ವರ್ಷ ಮೊದಲೇ ಇಲ್ಲಿ ಒಬ್ಬ ರಾಜ ಕೆರೆ ಕಟ್ಟಿದ್ದನ್ನು ಕಲ್ಲಿನಲ್ಲಿ ಬರೆಸಿದ್ದಾನೆ. ಇದನ್ನು ಒಬ್ಬ ಮೇಷ್ಟ್ರು ನನ್ನ ಆಟೋದಲ್ಲಿ ಬಂದಾಗ ಹೇಳಿದರು. ಅಲ್ಲಿಯವರೆಗೆ ಆ ಬಂಡೆಯ ಹತ್ತಿರ ಎಷ್ಟು ಸಲ ಆಟೋ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ಆ ದಿನದಿಂದ ಯಾರನ್ನು ಕರೆತಂದರೂ ಮೊದಲು ಅದನ್ನು ತೋರಿಸುತ್ತೇನೆ. 1947ರಲ್ಲಿ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್ ಹಳೇ ಕಾಲದ ಕುರುಹು ಹುಡುಕಲು ಇಲ್ಲಿ ಅಗೆಸಿದ್ದರು. ಅವರಿಗಿಂತ ಮೊದಲು ನಮ್ಮ ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದ್ದರು. ಶಾತವಾಹನರ ನಾಣ್ಯ, ರೋಮ್ ದೇಶದ ನಾಣ್ಯ ಎರಡೂ ಈ ಮಣ್ಣಿನಲ್ಲಿ ಸಿಕ್ಕಿವೆ.

ಊರ ಹತ್ತಿರದ ಕಾಡುಬೆಟ್ಟ ಜೋಗಿಮಟ್ಟಿಗೆ ಆಟೋದಲ್ಲಿ ಹೋಗಬಹುದಾ ಅಂತ ತುಂಬ ಜನ ಕೇಳುತ್ತಾರೆ. ತುದಿಯವರೆಗೆ ಬೇಡ ಅನ್ನುತ್ತೇನೆ. ಕಡಿದಾದ ಏರು, ಸಾಲು ಸಾಲು ತಿರುವು. ಹಲವು ವರ್ಷದ ಹಿಂದೆ ಐದು ಜನರ ಸಂಸಾರ ಬೇಡಿಕೊಂಡರು ಅಂತ ಹತ್ತಿಸಿಕೊಂಡು ಹೋದೆ. ಅರ್ಧ ಏರಿನಲ್ಲಿ ಕ್ಲಚ್ ವೈರ್ ಕಡಿಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಹ್ಯಾಂಡಲ್ ತಿರುಗಿಸಿ ಹಿಂದಿನ ಗಾಲಿಯನ್ನು ಗುಡ್ಡದ ಬದಿಯ ಕಲ್ಲಿಗೆ ಒತ್ತಿಸಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ತಾಯಿ ಮಗುವನ್ನು ಎದೆಗೆ ಅವುಚಿಕೊಂಡ ರೀತಿ ಇನ್ನೂ ನನ್ನ ಕಣ್ಣಲ್ಲಿದೆ. ಅಂದಿನಿಂದ ಮೂರರ ಮೇಲೆ ಒಬ್ಬರನ್ನೂ ಹತ್ತಿಸಿಲ್ಲ. ಜೋಗಿಮಟ್ಟಿ ನೋಡಲೇಬೇಕು ಅಂದರೆ ಜೀಪು, ಕಾರು ಮಾಡಿಕೊಳ್ಳಿ. ಅರಣ್ಯ ಇಲಾಖೆಯ ಗೇಟಿನಲ್ಲಿ ಸಮಯ, ಅನುಮತಿ ಕೇಳಿಕೊಂಡು ಹೋಗಿ. ಆ ದಾರಿಯಲ್ಲಿರುವ ಆಡುಮಲ್ಲೇಶ್ವರದ ಕಿರು ಮೃಗಾಲಯದವರೆಗೆ ಆಟೋ ಪರವಾಗಿಲ್ಲ, ಮಕ್ಕಳಿಗೆ ಅಲ್ಲಿನ ಪ್ರಾಣಿಗಳು ಇಷ್ಟವಾಗುತ್ತವೆ. ಎಲ್ಲೇ ಇಳಿಜಾರು ಬರಲಿ, ಪೆಟ್ರೋಲ್ ಉಳಿಸಲು ಡ್ರೈವರ್ ಎಂಜಿನ್ ಆಫ್ ಮಾಡಿ ಜಾರಿಸಿದರೆ ‘ಗೇರಲ್ಲೇ ಇಳಿಸಣ್ಣಾ’ ಅಂತ ಹೇಳಿ. ಇದರಲ್ಲಿ ಸಂಕೋಚ ಬೇಡ.

ಮಳೆ ಬಂದರೆ ಪಕ್ಕದ ಪರದೆ ಇಳಿಬಿಡುತ್ತೇವೆ. ಆದರೂ ನಮ್ಮೂರ ಗಾಳಿಗೆ ಇರಚಲು ಹೊಡೆಯುತ್ತದೆ. ಫೋನು, ಕ್ಯಾಮೆರಾಗೆ ಒಂದು ಪ್ಲಾಸ್ಟಿಕ್ ಚೀಲ ಇರಲಿ. ದೊಡ್ಡ ಗಣಪತಿ ಬಿಡುವ ದಿನ ಮಾತ್ರ ಊರು ನೋಡಲು ಬರಬೇಡಿ. ಮೆರವಣಿಗೆ ನೋಡಲು ಬನ್ನಿ. ಅವತ್ತು ಆಟೋ ಓಡುವುದಿಲ್ಲ.

ಕೋಟೆ ಹತ್ತಲಾಗದ ಹಿರಿಯರು ಜೊತೆಗಿದ್ದರೆ ಅವರನ್ನು ರೂಮಿನಲ್ಲಿ ಬಿಟ್ಟು ಬರಬೇಡಿ. ಹೋದ ಕಾರ್ತಿಕದಲ್ಲಿ ರಾಯಚೂರು ಕಡೆಯ ಸಂಸಾರವೊಂದು ಬಂದಿತ್ತು. ಮಕ್ಕಳು, ಮೊಮ್ಮಕ್ಕಳು ಮೇಲೆ ಹೋದರು. ಅಜ್ಜಿ ಮಂಡಿನೋವು ಅಂತ ಕೆಳಗೇ ಉಳಿದರು. ‘ಬನ್ನಿ ಅಜ್ಜಿ, ಕೆಳಗಿನ ಕೋಟೆ ತೋರಿಸ್ತೀನಿ’ ಅಂದೆ. ‘ಸಾವಕಾಶ ನಡಿ ತಮ್ಮಾ’ ಅಂತ ಹತ್ತಿ ಕೂತರು. ಸಿಹಿನೀರು ಹೊಂಡ, ರಂಗಯ್ಯನ ಬಾಗಿಲು ನೋಡಿಕೊಂಡು ಕೊನೆಗೆ ಸಂತೆಹೊಂಡಕ್ಕೆ ಬಂದೆವು. ಇಳಿಸಿ ಬೆಟ್ಟದ ಕಡೆ ಕೈ ತೋರಿಸಿದೆ. ‘ಈ ನೀರು ಅಲ್ಲಿಂದ ಇಳಿದು ಬಂದದ್ದು ಅಜ್ಜಿ. ನಿಮ್ಮ ಮೊಮ್ಮಕ್ಕಳು ಈಗ ಅದರ ಬುಡದಲ್ಲೇ ಇರ್ತಾರೆ.’ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಬೆಟ್ಟ ನೋಡಿದರು, ನೀರು ನೋಡಿದರು. ‘ಅಷ್ಟ್ ಮ್ಯಾಲಿಂದ?’ ಅಂದರು. ಆಮೇಲೆ, ‘ಗಾಡಿ ಬಂದ್ ಮಾಡು ತಮ್ಮಾ, ಸಪ್ಪಳ ಆಗ್ತದ’ ಅಂದರು. ಕಾಲು ಗಂಟೆ ಅಲ್ಲೇ ನಿಂತಿದ್ದರು. ಸಂತೆಹೊಂಡಕ್ಕೆ ಹೋದಾಗ ಎಂಜಿನ್ ಆಫ್ ಮಾಡಲು ನಿಮ್ಮ ಡ್ರೈವರ್‌ಗೂ ಹೇಳಿ.