ಮಣೆಯ ಮೇಲೆ ಕುಳಿತು ಅಳೆದ ಕಿಟಕಿ

ಸಾಗರದ ಕಡೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲ ದಿನವೇ ನನ್ನ ಮುಂದಿಟ್ಟ ಬೇಡಿಕೆ ಒಂದೇ: ಪೂರ್ವಕ್ಕೆ ಗೋಡೆ ಬೇಡ, ನೆಲದಿಂದ ಸೂರಿನವರೆಗೆ ಗಾಜು ಹಾಕಿಬಿಡಿ, ತೋಟವೂ ಆಚೆಯ ಗುಡ್ಡವೂ ಪೂರ್ತಿ ಕಾಣಲಿ. ನಾನು ಒಪ್ಪಲಿಲ್ಲ. ಎಲ್ಲವೂ ಎಲ್ಲ ಹೊತ್ತೂ ತೆರೆದುಕೊಂಡಿರುವ ಕಡೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ನೋಟಕ್ಕೆ ಗೋಡೆ ಬೇಕು, ಗೋಡೆಯ ಈಚೆಗೆ ಒಂದಿಷ್ಟು ಕತ್ತಲೆಯೂ ಬೇಕು.

ಈ ಕತ್ತಲೆಯ ಬೆಲೆ ನನಗೆ ತಿಳಿದದ್ದು ಓದುತ್ತಿದ್ದ ಕಾಲದಲ್ಲಿ, ಹಂಪಿಯಲ್ಲಿ. ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲೆ ಕೋಣೆಯಿದೆ. ಅಲ್ಲಿನ ಸಣ್ಣ ಕಿಂಡಿಯಿಂದ ತೂರಿ ಬರುವ ಬೆಳಕು ಪೂರ್ವದ ಒಂಬತ್ತು ಅಂತಸ್ತಿನ ಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಜನ ಅದನ್ನು ನೆರಳು ಎನ್ನುತ್ತಾರೆ. ನೆರಳಲ್ಲ, ಅದು ಬೆಳಕೇ: ಗೋಪುರದ ತುದಿಯಿಂದ ಹೊರಟದ್ದು ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ. ನಾನು ನೋಟ್‌ಬುಕ್ಕಿನ ಬಿಳಿ ಹಾಳೆಯೊಂದನ್ನು ಆ ಗೋಡೆಗೆ ಒತ್ತಿ ಹಿಡಿದೆ. ಅಂತಸ್ತುಗಳು ಒಂದೊಂದಾಗಿ ಹಾಳೆಯ ಮೇಲೆ ಎದ್ದು ಬಂದವು. ಕ್ಯಾಮೆರಾ ಎಂಬ ಮಾತಿನ ಮೂಲ ಅರ್ಥವೇ ಕೋಣೆ ಎಂಬುದನ್ನು ಪಾಠದಲ್ಲಿ ಕೇಳಿದ್ದೆ. ಅಂದು ಅದರೊಳಗೆ ನಿಂತಿದ್ದೆ.

ಸಾಗರದ ಮನೆಗೆ ಸೂರು ಮುಚ್ಚಿದ ಮೇಲೆ ಮಾಲೀಕರಿಗೆ ಅದನ್ನೇ ತೋರಿಸಬೇಕೆನಿಸಿತು. ಪೂರ್ವದ ಗೋಡೆಯಲ್ಲಿ ಕಿಟಕಿಗೆಂದು ಬಿಟ್ಟಿದ್ದ ಜಾಗಕ್ಕೆ ಕಪ್ಪು ಟಾರ್ಪಾಲು ಬಿಗಿದು, ನೆಲದಿಂದ ನಾಲ್ಕು ಅಡಿಯ ಮೇಲೆ ಕಿರುಬೆರಳು ತೂರುವಷ್ಟು ತೂತು ಮಾಡಿದೆವು. ತೂತು ಇನ್ನೂ ಚಿಕ್ಕದಾದರೆ ಚಿತ್ರ ಚೂಪಾಗುತ್ತದೆ, ಆದರೆ ಮಂಕಾಗುತ್ತದೆ. ದೊಡ್ಡದಾದರೆ ಬೆಳಕು ಹೆಚ್ಚಿ ಅಂಚುಗಳು ಕದಡುತ್ತವೆ. ಎದುರು ಗೋಡೆಗೆ ಸುಣ್ಣ ಬಳಿದಾಗಿತ್ತು. ಜನವರಿಯ ಮಧ್ಯಾಹ್ನ, ಬಿಸಿಲು ಮನೆಯ ಹಿಂದಿನಿಂದ ತೋಟಕ್ಕೆ ಬೀಳುವ ಹೊತ್ತು. ಮೊದಲಿಗೆ ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಗೋಡೆಯ ಕೆಳಗೆ ನೀಲಿ, ಅದರ ಮೇಲೆ ಗುಡ್ಡ, ಅದರ ಮೇಲೆ ತಲೆಕೆಳಗಾದ ಅಡಿಕೆ ಮರಗಳು. ಗಾಳಿಗೆ ಸೋಗೆಗಳು ಗೋಡೆಯ ಮೇಲೆ ತೂಗುತ್ತಿದ್ದವು, ಸದ್ದಿಲ್ಲದೆ. ಸೂರಿನ ಹತ್ತಿರದಲ್ಲಿ ಕೆಂಪು ಗೆರೆಯಂತೆ ತೋಟದ ಕಾಲುದಾರಿ. ಅದರಲ್ಲಿ ಯಾರೋ ತಲೆಯ ಮೇಲೆ ಹೊರೆ ಹೊತ್ತು, ಕಾಲು ಮೇಲಾಗಿ ನಡೆದು ಬಂದರು. ಮನೆಯ ಹಿರಿಯಜ್ಜಿ ಗೋಡೆಯ ಹತ್ತಿರ ಹೋಗಿ ಅದು ಯಾರೆಂದು ಗುರುತು ಹಿಡಿದು ಹೆಸರು ಹೇಳಿದರು.

ಮರುದಿನ ಟಾರ್ಪಾಲು ತೆಗೆದು ಆಚಾರಿಗಳು ತಂದ ಚೌಕಟ್ಟನ್ನು ನಿಲ್ಲಿಸಿದೆವು. ಕಿಟಕಿಯ ತಳವನ್ನು ನಾನು ನೆಲದಿಂದ ಮೂರು ಅಡಿಗೆ ಇಟ್ಟಿದ್ದೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ನಾಲ್ಕು ಅಡಿಯ ಹತ್ತಿರ ಇರುತ್ತದೆ. ನಾನು ಕುರ್ಚಿ ಹಾಕಿ ಕುಳಿತೇ ನೋಡಿದ್ದೆ, ಸರಿಯಿತ್ತು. ಅಜ್ಜಿ ಮಣೆ ತರಿಸಿ ನೆಲದ ಮೇಲೆ ಕುಳಿತರು. ಸ್ವಲ್ಪ ಹೊತ್ತು ನೋಡಿ, "ಅಲ್ಲ ತಮ್ಮಾ, ನಿನ್ನೆ ಗೋಡೆಯ ಮೇಲೆ ಕಂಡ ದಾರಿ ಇವತ್ತು ಎಲ್ಲಿ ಹೋಯಿತು? ಇಲ್ಲಿಂದ ಬರೀ ಆಕಾಶ ಕಾಣುತ್ತದೆ" ಎಂದರು.

ಅವರ ಪಕ್ಕದಲ್ಲಿ ನೆಲಕ್ಕೆ ಕುಳಿತೆ. ಮಣೆಯ ಮೇಲಿನ ಅವರ ಕಣ್ಣಿಗೂ ನೆಲಕ್ಕೂ ಎರಡೂವರೆ ಅಡಿ. ಕಿಟಕಿಯ ತಳವೇ ಅದಕ್ಕಿಂತ ಮೇಲಿತ್ತು. ಆ ಮನೆಯಲ್ಲಿ ಹಗಲೆಲ್ಲ ಆ ಕೋಣೆಯಲ್ಲಿ ಇರುವವರು ಅವರೊಬ್ಬರೇ. ಹೂ ಕಟ್ಟುವುದು, ಅಡಿಕೆ ಸುಲಿಯುವುದು, ಎಲ್ಲವೂ ನೆಲದ ಮೇಲೆ. ಅದನ್ನು ಮೊದಲೇ ಕೇಳದೆ ಅಳತೆ ಹಾಕಿದ್ದು ನನ್ನ ತಪ್ಪು, ಹಾಗೆಂದೇ ಹೇಳಿದೆ. ಮೇಸ್ತ್ರಿಗಳು ಮೂರು ವರಸೆ ಜಂಬಿಟ್ಟಿಗೆ ಕಲ್ಲು ಕಿತ್ತರು. ತಳ ಒಂದು ಅಡಿಗೆ ಇಳಿಯಿತು. ಗೋಡೆ ದಪ್ಪವಾದ್ದರಿಂದ ಅಷ್ಟೇ ಸಾಲದು, ಹೊರಗಿನ ಅಂಚು ದಾರಿಯನ್ನು ಮರೆಮಾಡುತ್ತದೆ. ತಳವನ್ನು ಹೊರಕ್ಕೆ ಇಳಿಜಾರಾಗಿ ಗಾರೆ ಮಾಡಿಸಿದೆವು. ಮಳೆನೀರು ನಿಲ್ಲದಿರಲೂ ಅದು ಒಳ್ಳೆಯದು.

ಅಗಲ ಎರಡೂವರೆ ಅಡಿ, ಎತ್ತರ ಐದೂವರೆ. ಅಗಲಕ್ಕೆ ಮಲಗಿಸುವ ಬದಲು ಉದ್ದಕ್ಕೆ ನಿಲ್ಲಿಸಿದ್ದೇಕೆ ಎಂದು ಮಾಲೀಕರು ಕೇಳಿದರು. ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ 1923–24ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ ತಂದೆ ತಾಯಿಗೆ ಕಟ್ಟಿದ ಪುಟ್ಟ ಮನೆಯಲ್ಲಿ ಸುಮಾರು 11 ಮೀಟರ್ ಉದ್ದದ ಅಡ್ಡ ಕಿಟಕಿಯಿದೆ. ಅಂಗಳದಲ್ಲಿ ಮಾತ್ರ ಅವರು ಸರೋವರಕ್ಕೆ ಅಡ್ಡವಾಗಿ ಗೋಡೆ ಎಬ್ಬಿಸಿ, ಅದರಲ್ಲಿ ಒಂದೇ ಚೌಕ ತೆರೆದರು. ಅವರ ಗುರು ಆಗಸ್ಟ್ ಪೆರೆ ಅಡ್ಡ ಕಿಟಕಿಯನ್ನು ಒಪ್ಪುತ್ತಿರಲಿಲ್ಲ. ನಿಂತ ಕಿಟಕಿಯಲ್ಲಿ ಮಾತ್ರ ಕಾಲಬುಡದ ನೆಲ, ನಡುವಿನ ಮರ, ಮೇಲಿನ ಆಕಾಶ ಒಟ್ಟಿಗೆ ಬರುತ್ತವೆ ಎಂಬುದು ಅವರ ವಾದ. ಸರೋವರದಂಥ ಚಪ್ಪಟೆ ನೋಟಕ್ಕೆ ಅಡ್ಡ ಕಿಟಕಿ ಹೊಂದಬಹುದು. ಇಳಿಜಾರಿನ ಮಲೆನಾಡಿಗೆ ಪೆರೆಯ ಮಾತೇ ಸರಿ ಎಂಬುದು ನನ್ನ ಅನುಭವ.

ಉಳಿದದ್ದು ಬಣ್ಣದ ಕೆಲಸ. ಮಂಗಗಳ ಕಾಟಕ್ಕೆ ಸರಳು ಹಾಕದೆ ವಿಧಿಯಿಲ್ಲ. ಬಿಳಿ ಬಳಿದ ಸರಳು ಬೆಳಕು ಹಿಡಿದು ಕಣ್ಣಿಗೆ ಚುಚ್ಚುತ್ತದೆ. ಕಪ್ಪು ಬಳಿದು ನೆಟ್ಟಗೆ ನಿಲ್ಲಿಸಿದ ತೆಳು ಸರಳು ಅಡಿಕೆ ಮರಗಳ ನಡುವೆ ಕರಗಿಹೋಗುತ್ತದೆ. ಸೊಳ್ಳೆ ಪರದೆಯೂ ಕಪ್ಪೇ ಇರಬೇಕು. ನೆಲಕ್ಕೆ ರೆಡ್ ಆಕ್ಸೈಡ್, ಕೋಣೆಯೊಳಗೆ ಬೇರೆ ದೊಡ್ಡ ಕಿಟಕಿಯಿಲ್ಲ; ನೋಟಕ್ಕೆ ಬೇಕಾದ ಕತ್ತಲೆ ಒಳಗೆ ಉಳಿಯಿತು.

ಮಳೆಗಾಲದಲ್ಲಿ ಮತ್ತೆ ಹೋಗಿದ್ದೆ. ತೋಟದ ಕೆಳಗಿನಿಂದ ಕಾಲುದಾರಿ ಹತ್ತಿ ಅಂಗಳಕ್ಕೆ ಬರುವಷ್ಟರಲ್ಲಿ ನೀರು ತುಂಬಿದ ಚೊಂಬೂ ಒರೆಸಿಕೊಳ್ಳಲು ಟವೆಲ್ಲೂ ಜಗಲಿಯಲ್ಲಿ ಸಿದ್ಧವಾಗಿದ್ದವು.