ಕಾವಲು ಮುಗಿದ ಮೇಲೆ ನಾಯಿ ಎಲ್ಲಿ ಮಲಗಬೇಕು?

ಮಲೆನಾಡಿನ ಒಂಟಿಮನೆಗಳಲ್ಲಿ ನಾಯಿಗೆ ಕೈತುಂಬ ಕೆಲಸ. ದಣಪೆ ದಾಟಿ ಅಪರಿಚಿತರು ಬಂದರೆ ಬೊಗಳಬೇಕು, ರಾತ್ರಿ ತೋಟಕ್ಕೆ ಹಂದಿ ಇಳಿದರೆ ಮನೆಯವರನ್ನು ಎಬ್ಬಿಸಬೇಕು, ಅಂಗಳದಲ್ಲಿ ಅಡಿಕೆ ಹರಡಿದ್ದರೆ ದನ ನುಗ್ಗದಂತೆ ನೋಡಿಕೊಳ್ಳಬೇಕು. ಅದಕ್ಕಾಗಿಯೇ ಅಂಗಳದ ಅಂಚಿನಲ್ಲಿ ಒಂದು ಗೂಟ, ಗೂಟಕ್ಕೊಂದು ಸರಪಳಿ. ನಾಯಿಯ ಜಾಗ ಯಾವುದು ಎಂದು ಕೇಳಿದರೆ ಹೆಚ್ಚಿನವರು ಕೈತೋರಿಸುವುದು ಆ ಗೂಟದ ಕಡೆಗೆ. ಅದು ಕಾವಲಿನ ಜಾಗ. ಮಲಗಲು, ಹೆದರಿದಾಗ ಅವಿತುಕೊಳ್ಳಲು, ಮೈ ಹುಷಾರಿಲ್ಲದಾಗ ಸುಮ್ಮನೆ ಬಿದ್ದುಕೊಳ್ಳಲು ಬೇರೆಯೇ ಜಾಗ ಬೇಕು. ಅಲ್ಲಿಗೆ ಅದು ತಾನಾಗಿ ಹೋಗಿ ತಾನಾಗಿ ಬರುವಂತಿರಬೇಕು. ಅಲ್ಲಿ ಇರುವಷ್ಟು ಹೊತ್ತು ಅದನ್ನು ಯಾರೂ ಮುಟ್ಟಬಾರದು.

ಸರಪಳಿಯ ವಿಷಯದಲ್ಲಿ ಕಾನೂನೂ ಸ್ಪಷ್ಟವಾಗಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿರುವ ನಾಯಿಯನ್ನು ಬಿಚ್ಚಿ ಓಡಾಡಿಸದೆ ಇರುವುದೂ ಅಪರಾಧವೇ. ಇದು ಹಳ್ಳಿಮನೆಗಳಿಗಷ್ಟೇ ಹೇಳಿದ ಮಾತಲ್ಲ. ಶಿವಮೊಗ್ಗದ ಬಡಾವಣೆಗಳಲ್ಲಿ ಗೇಟಿನ ಪಕ್ಕ, ಕಾರು ನಿಲ್ಲಿಸುವ ಜಾಗದಲ್ಲಿ, ಬಿಸಿಲಿಗೆ ಕಾದ ಟೈಲ್ಸ್ ಮೇಲೆ ಹಗಲೆಲ್ಲ ಕಟ್ಟಿಸಿಕೊಂಡಿರುವ ಲ್ಯಾಬ್ರಡಾರ್‌ಗಳ ಪಾಡೂ ಅದೇ.

ಮೊದಲು ನಾಯಿಯನ್ನೇ ಗಮನಿಸಿ

ಬಡಗಿಯನ್ನು ಕರೆಸುವ ಮೊದಲು ಕೆಲವು ದಿನ ನಾಯಿಯನ್ನು ಬಿಟ್ಟು ನೋಡಿ. ಮಧ್ಯಾಹ್ನ ಎಲ್ಲಿ ಹೋಗಿ ಮಲಗುತ್ತದೆ, ಮಿಕ್ಸಿ ಸದ್ದಾದಾಗ ಎಲ್ಲಿಗೆ ಓಡುತ್ತದೆ, ನೆಂಟರು ಬಂದಾಗ ಯಾವ ಮೂಲೆ ಸೇರುತ್ತದೆ ಎಂಬುದನ್ನು ಗಮನಿಸಿ. ಬಹುತೇಕ ನಾಯಿಗಳು ತಮ್ಮ ಜಾಗವನ್ನು ಆಗಲೇ ಆರಿಸಿಕೊಂಡಿರುತ್ತವೆ. ಮಂಚದ ಕೆಳಗೆ, ಮೆಟ್ಟಿಲಿನ ಅಡಿ, ಕಟ್ಟಿಗೆ ರಾಶಿಯ ಹಿಂದೆ, ಚಳಿಗಾಲದಲ್ಲಿ ಬಚ್ಚಲ ಒಲೆಯ ಮುಂದೆ. ಈ ಜಾಗಗಳಲ್ಲೆಲ್ಲ ಬೆನ್ನಿಗೆ ಗೋಡೆ ಇರುತ್ತದೆ, ತಲೆಯ ಮೇಲೆ ಮರೆ ಇರುತ್ತದೆ, ಯಾರು ಬರುತ್ತಿದ್ದಾರೆಂದು ನೋಡಲು ಒಂದು ಕಡೆ ಮಾತ್ರ ತೆರೆದಿರುತ್ತದೆ. ನೀವು ಮಾಡಿಕೊಡುವ ಜಾಗದಲ್ಲೂ ಇವೇ ಇರಬೇಕು.

ನಾಯಿ ಆರಿಸಿದ ಮೂಲೆ ಅಪಾಯದ್ದಲ್ಲದಿದ್ದರೆ ಅದನ್ನೇ ಸರಿಪಡಿಸಿಕೊಡುವುದು ಉತ್ತಮ. ಬಚ್ಚಲ ಒಲೆಯ ಬೂದಿ ಮಾತ್ರ ಬೇಡ. ಒಳಗೆ ಕೆಂಡ ಉಳಿದಿರುತ್ತದೆ, ಹೊಗೆಯೂ ಒಳ್ಳೆಯದಲ್ಲ. ಒಲೆಗೆ ಬೆನ್ನು ಮಾಡಿರುವ ಗೋಡೆಯ ಈಚೆ ಬದಿ ಸಿಕ್ಕರೆ ನಾಯಿಗೆ ಬೇಕಾದ ಬಿಸುಪೂ ಸಿಗುತ್ತದೆ, ಅಪಾಯವೂ ಇಲ್ಲ.

ಎಲ್ಲಿ ಮಾಡಬೇಕು

ನಾಯಿಯನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಡಿಯ ಮನೆಯಲ್ಲೂ ಜಗಲಿಯ ಕೊನೆಯ ಮೂಲೆಯನ್ನು ಬಿಟ್ಟುಕೊಡಬಹುದು. ಜನ ಓಡಾಡುವ ದಾರಿಯಿಂದ ಪಕ್ಕಕ್ಕಿರಬೇಕು, ಆದರೆ ಮನೆಯವರ ಮಾತು ಕಿವಿಗೆ ಬೀಳುವಂತಿರಬೇಕು. ಹಿತ್ತಿಲ ಕೊನೆಗೆ ತಳ್ಳಿದ ಗೂಡಿನಲ್ಲಿ ನಾಯಿಗೆ ನೆಮ್ಮದಿ ಇರುವುದಿಲ್ಲ, ಅದು ಗುಂಪಿನ ಪ್ರಾಣಿ. ಕೊಟ್ಟಿಗೆಯ ಮೂಲೆಯೂ ಆದೀತು, ದನದ ಕಾಲಿಗೆ ಸಿಗದಂತೆ ಅಡ್ಡ ಹಲಗೆ ಕಟ್ಟಬೇಕು.

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಾಡಂಚಿನ ಮನೆಗಳವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಅತ್ಯಂತ ಸುಲಭದ ಬೇಟೆ. ಬಿಟ್ಟ ನಾಯಿ ಓಡಿಯಾದರೂ ಹೋದೀತು, ಸರಪಳಿಯಲ್ಲಿರುವುದಕ್ಕೆ ಆ ಅವಕಾಶವೂ ಇಲ್ಲ. ರಾತ್ರಿ ಅದನ್ನು ಬಾಗಿಲು ಹಾಕಿದ ಜಗಲಿ ಅಥವಾ ಕೊಟ್ಟಿಗೆಯ ಒಳಗೇ ಮಲಗಿಸಿ. ಕಾವಲಿಗೆ ಬೇಕಾದದ್ದು ನಾಯಿಯ ಕಿವಿ ಮತ್ತು ದನಿ. ಅವೆರಡೂ ಬಾಗಿಲ ಒಳಗಿನಿಂದಲೇ ಕೆಲಸ ಮಾಡುತ್ತವೆ.

ಪೇಟೆಯ ಮನೆಯಲ್ಲಿ ಮೆಟ್ಟಿಲಿನ ಕೆಳಗಿನ ಖಾಲಿ ಜಾಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಾಷಿಂಗ್ ಮಷಿನ್ ಪಕ್ಕ, ಟಿವಿಯ ಹಿಂದೆ, ಬಾಲ್ಕನಿಯಲ್ಲಿ ಬೇಡ.

ಗೂಡು ಕಟ್ಟುವಾಗ

ಅಳತೆಗೆ ನಾಯಿಯೇ ಆಧಾರ. ಅದು ತಲೆ ತಗ್ಗಿಸದೆ ನಿಲ್ಲಬೇಕು, ಒಳಗೇ ತಿರುಗಬೇಕು, ಕಾಲು ಚಾಚಿ ಪಕ್ಕಕ್ಕೆ ಒರಗಬೇಕು. ನಮ್ಮ ಊರ ನಾಯಿಗಳಿಗೆ ಸುಮಾರು ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರ ಸಾಕಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಪ್ರತಿ ಅಳತೆಗೂ ಅರ್ಧದಿಂದ ಒಂದು ಅಡಿ ಸೇರಿಸಿ. ವಿಪರೀತ ದೊಡ್ಡದು ಮಾಡಿದರೆ ಚಳಿಯಲ್ಲಿ ಒಳಗೆ ಬೆಚ್ಚಗಾಗುವುದಿಲ್ಲ. ಮರಿಯಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯಲು ಕಲಿಯುತ್ತದೆ. ದೊಡ್ಡ ಗೂಡಿದ್ದರೆ ಮರಿ ಬೆಳೆಯುವವರೆಗೆ ನಡುವೆ ಹಲಗೆ ಅಡ್ಡ ಇಡಿ.

ಹೊರಗೆ, ಚಾವಣಿಯ ಅಂಚಿನಲ್ಲಿ ಗೂಡು ಇಡುವುದಾದರೆ ಬಾಯಿ ಪೂರ್ವಕ್ಕಿರಲಿ. ಮುಂಗಾರಿನ ಗಾಳಿ, ಇರಚಲು ಎರಡೂ ಬರುವುದು ನೈಋತ್ಯ ಮತ್ತು ಪಶ್ಚಿಮದಿಂದ. ಆ ಬದಿಗೆ, ಜಗಲಿಗೆ ಕಟ್ಟುವಂತೆಯೇ, ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಮಾಡಿಗೆ ಮಂಗಳೂರು ಹಂಚು ಹೊದಿಸಿ. ತಗಡಿನ ಶೀಟ್ ಖಂಡಿತ ಬೇಡ. ಬೇಸಿಗೆಯಲ್ಲಿ ಅದು ಕಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಅದು ಮಾಡುವ ಸದ್ದನ್ನು ನಾಯಿಯ ಕಿವಿಯಿಂದ ಯೋಚಿಸಿ. ಮನುಷ್ಯನಿಗೆ ಕೇಳುವ ಶಬ್ದದ ಮಿತಿ ಸುಮಾರು 20,000 ಹರ್ಟ್ಸ್, ನಾಯಿಗೆ ಸುಮಾರು 45,000. ನಮಗೆ ಕೇಳಿಸದ ಸದ್ದುಗಳೂ ಅದರ ಕಿವಿಗೆ ಬೀಳುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟೂ ಮಳೆಯನ್ನು ತಗಡಿನ ಕೆಳಗೆ ಕೂತು ಕೇಳುವ ನಾಯಿಗೆ ಆ ಗೂಡು ಆಶ್ರಯವಾಗುವುದಿಲ್ಲ.

ನೆಲದಿಂದ ಅರ್ಧ ಅಡಿಯಾದರೂ ಎತ್ತರಿಸಿ, ಕೆಳಗೆ ಪೊರಕೆ ಆಡುವಂತಿರಲಿ. ನೆಲದ ಥಂಡಿ ತಟ್ಟಬಾರದು ಎಂಬುದು ಒಂದು ಕಾರಣ, ಹಾವು ಇನ್ನೊಂದು. ನಾಯಿ ಬಿಟ್ಟ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವೋ ಕೊಳಕುಮಂಡಲವೋ ಬಂದು ಕತ್ತಲ ಸಂದಿಯಲ್ಲಿ ಸೇರುತ್ತದೆ. ಆದ್ದರಿಂದ ಊಟದ ತಟ್ಟೆಯನ್ನು ಗೂಡಿನಲ್ಲಿ ಬಿಡಬೇಡಿ, ನೀರು ಮಾತ್ರ ಸದಾ ಇರಲಿ. ಇಲಿಗೆಂದು ಪಾಷಾಣ ಇಟ್ಟರೆ ಅದು ಮೊದಲು ಸೇರುವುದು ನಾಯಿಯ ಹೊಟ್ಟೆಗೆ. ನುಸಿಗುಳಿಗೆಯೂ ನಾಯಿಗೆ ವಿಷ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಚೀಲ, ಡ್ರಮ್ಮುಗಳು ಜಗಲಿಗೇ ಬಂದು ಕೂರುತ್ತವೆ. ಅವನ್ನು ನಾಯಿಯ ಮೂಲೆಯ ಹತ್ತಿರ ಇಡಬೇಡಿ.

ಒಣಗಿದ ಹಾಸಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಒಣಗುವುದಿಲ್ಲ. ಒಮ್ಮೆ ಒದ್ದೆಯಾದ ಗೋಣಿಚೀಲ ವಾರವಾದರೂ ಹಾಗೆಯೇ ಇರುತ್ತದೆ, ಬೂಸಲು ಹಿಡಿಯುತ್ತದೆ, ಅದರ ಮೇಲೆ ಮಲಗಿದ ನಾಯಿಯ ಹೊಟ್ಟೆ, ಕಂಕುಳು ಕೆಂಪಾಗಿ ತುರಿಕೆ ಏಳುತ್ತದೆ. ಇದಕ್ಕೆ ಮಲೆನಾಡಿನಲ್ಲೇ ಉತ್ತರವಿದೆ. ಅಡಿಕೆ ದಬ್ಬೆಗಳನ್ನು ಬೆರಳು ಸಂದಿಯಷ್ಟು ಬಿಟ್ಟು ಬಡಿದು ಪುಟ್ಟ ಮಂಚ ಮಾಡಿ, ಸಿಬಿರು ಏಳದಂತೆ ಉಜ್ಜಿ. ಕೆಳಗಿನಿಂದ ಗಾಳಿ ಆಡುತ್ತದೆ, ನೀರು ಸೋರಿ ಹೋಗುತ್ತದೆ. ಮೇಲೆ ಹಾಸಲು ಹಳೆಯ ಹತ್ತಿ ಸೀರೆ, ಬೆಡ್‌ಶೀಟ್‌ಗಳ ಎರಡು ಮೂರು ಜೊತೆ ಇಟ್ಟುಕೊಳ್ಳಿ. ಒಂದು ಹಾಸಿದ್ದರೆ ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿರಲಿ. ದರಕು, ಹುಲ್ಲು ಹಾಸುವುದು ಬೇಡ, ಉಣುಗಿಗೆ ಅದು ಮನೆ. ವಯಸ್ಸಾದ ನಾಯಿಗೆ ಕೀಲುನೋವು ಇರುತ್ತದೆ. ಅದಕ್ಕೆ ಮಾತ್ರ ದಪ್ಪ ಹಾಸಿಗೆ ಕೊಡಿ, ಮಂಚದ ಎತ್ತರ ತಗ್ಗಿಸಿ.

ಉಣುಗು ಇರುವುದು ಗೋಡೆಯಲ್ಲಿ

ಮೈಮೇಲೆ ಕಚ್ಚಿಕೊಂಡ ಉಣುಗನ್ನು ಕಿತ್ತು ಹಾಕಿ ಸುಮ್ಮನಾಗುವವರೇ ಹೆಚ್ಚು. ಮನೆಯ ನಾಯಿಗೆ ಹತ್ತುವ ಕಂದು ಉಣುಗು ತನ್ನ ಬದುಕಿನ ಹೆಚ್ಚಿನ ಪಾಲನ್ನು ಕಳೆಯುವುದು ನಾಯಿಯ ಮೈಯ ಹೊರಗೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿಂದಲೇ ಮತ್ತೆ ನಾಯಿಯನ್ನು ಹುಡುಕಿಕೊಂಡು ಬರುತ್ತವೆ. ಆದ್ದರಿಂದ ನಾಯಿಯ ಮೂಲೆಯ ಗೋಡೆಯಲ್ಲಿ ಬಿರುಕು ಇರಬಾರದು. ಮಣ್ಣಿನ ಗೋಡೆಯಾದರೆ ಮೆತ್ತಿ ಸುಣ್ಣ ಬಳಿಯಿರಿ, ಹಲಗೆಯಾದರೆ ಸಂದಿಗಳನ್ನು ಮುಚ್ಚಿ. ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ.

ಕಾಡಿಗೆ ಹೋಗಿ ಬರುವ ನಾಯಿಯದು ಬೇರೆಯೇ ಚಿಂತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಚಳಿಗಾಲದ ಆರಂಭದಿಂದ ಮಳೆ ಹಿಡಿಯುವವರೆಗೆ ಅದರ ಕಾಟ. ನಾಯಿಯ ರೋಮಕ್ಕೆ ಅಂಟಿ ಆ ಉಣುಗು ಮನೆ ಸೇರಬಹುದು. ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಬಿಡದಿರುವುದು ಒಳ್ಳೆಯದು. ಹೋಗಿ ಬಂದರೆ ಮೂಲೆಗೆ ಸೇರಿಸುವ ಮೊದಲು ಅಂಗಳದಲ್ಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಿ. ಕೈಗೆ ಗ್ಲೌಸ್ ಇರಲಿ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಹೊಸಕಬೇಡಿ. ಸೀಮೆಎಣ್ಣೆ ಸುರಿಯಬೇಡಿ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಮನುಷ್ಯರಿಗೆಂದು ಹಂಚುವ ಡೇಪಾ ಎಣ್ಣೆಯನ್ನೂ, ದನಕ್ಕೆಂದು ತಂದ ಉಣುಗಿನ ಔಷಧವನ್ನೂ ಅಂದಾಜಿನ ಮೇಲೆ ನಾಯಿಗೆ ಹಚ್ಚಬಾರದು. ಅದು ಮೈ ನೆಕ್ಕುವ ಪ್ರಾಣಿ. ನಾಯಿಯ ತೂಕ ನೋಡಿ ಕೊಡುವ ಮಾತ್ರೆ, ಕತ್ತಿನ ಮೇಲೆ ಬಿಡುವ ಹನಿ ಪಶುವೈದ್ಯರಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಇಂಬಳಕ್ಕೂ (ಜಿಗಣೆ) ಇದೇ ತಪಾಸಣೆ. ಮೂಗಿನ ಹೊಳ್ಳೆ ಮರೆಯಬೇಡಿ.

ಜಾಗವನ್ನು ಪರಿಚಯಿಸುವುದು

ಗೂಡು ಸಿದ್ಧವಾದ ದಿನವೇ ಕತ್ತಿನ ಪಟ್ಟಿ ಹಿಡಿದು ಒಳಗೆ ನೂಕಿದರೆ ಅಷ್ಟೂ ಶ್ರಮ ಹಾಳು. ಬಾಗಿಲು ತೆಗೆದಿಡಿ. ನೀವು ಉಟ್ಟು ಬಿಟ್ಟ, ತೊಳೆಯದ ಬಟ್ಟೆಯೊಂದನ್ನು ಒಳಗೆ ಹಾಸಿ. ಬೇಯಿಸಿದ ಮೊಟ್ಟೆಯ ಚೂರನ್ನೋ ಅಕ್ಕಿರೊಟ್ಟಿಯ ತುಣುಕನ್ನೋ ಮೊದಲು ಬಾಗಿಲ ಬಳಿ, ಮಾರನೆಯ ದಿನ ಸ್ವಲ್ಪ ಒಳಗೆ, ಆಮೇಲೆ ಹಿಂದಿನ ಗೋಡೆಯ ಹತ್ತಿರ ಇಡಿ. ಈರುಳ್ಳಿ ಬೆರೆಸಿದ ರೊಟ್ಟಿ ಬೇಡ, ಈರುಳ್ಳಿ ನಾಯಿಗೆ ಆಗುವುದಿಲ್ಲ. ತಾನಾಗಿ ಒಳಹೊಕ್ಕಾಗ ‘ಜಾಗಕ್ಕೆ’ ಎಂದು ಮೆಲ್ಲಗೆ ಹೇಳಿ, ಮನೆಯವರೆಲ್ಲ ಅದೇ ಮಾತು ಬಳಸಲಿ. ರಾತ್ರಿ ಬಾಗಿಲು ಹಾಕುವ ಅಗತ್ಯವಿದ್ದರೆ ನಾಯಿ ಒಳಗೆ ತಿನ್ನುತ್ತಿರುವಾಗ ಒಂದು ನಿಮಿಷ ಮುಚ್ಚಿ ತೆಗೆಯಿರಿ, ದಿನದಿನಕ್ಕೆ ಹೆಚ್ಚಿಸಿ. ಕೆಲವು ನಾಯಿಗಳಿಗೆ ವಾರ ಸಾಕು. ಬೀದಿಯಿಂದ ತಂದು ಸಾಕಿದವಕ್ಕೆ ತಿಂಗಳುಗಳೂ ಬೇಕಾದೀತು, ಕಾಯಿರಿ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಉಚ್ಚೆ ತಡೆಯಲಾರದು, ರಾತ್ರಿ ನೀವೇ ಏಳಬೇಕು.

ಒಂದು ವಿಷಯದಲ್ಲಿ ರಾಜಿ ಬೇಡ. ಚಪ್ಪಲಿ ಕಚ್ಚಿತೆಂದು, ಕೋಳಿ ಹಿಡಿಯಿತೆಂದು ಬೈದು ಅಲ್ಲಿಗೆ ಅಟ್ಟಬಾರದು. ಹೆದರಿದಾಗ ನಾಯಿ ಶಿಕ್ಷೆಗೆ ಬಳಸಿದ ಜಾಗಕ್ಕೆ ಹೋಗುವುದಿಲ್ಲ.

ಮಕ್ಕಳಿಗೆ ಹೇಳಬೇಕಾದದ್ದು

ಮಕ್ಕಳನ್ನು ಕಚ್ಚುವುದು ಬಹಳ ಸಲ ಪರಿಚಯದ ನಾಯಿಯೇ, ಅದೂ ಅದು ಮಲಗಿರುವಾಗ ಅಥವಾ ತಿನ್ನುತ್ತಿರುವಾಗ. ನಾಯಿ ತನ್ನ ಜಾಗದಲ್ಲಿದ್ದರೆ ಹತ್ತಿರ ಹೋಗಬಾರದು, ಕೈ ಒಳಗೆ ಹಾಕಬಾರದು ಎಂದು ಮಕ್ಕಳಿಗೆ ಕಲಿಸಿ. ರಜೆಗೆ ಬರುವ ಮೊಮ್ಮಕ್ಕಳಿಗೂ ಬಂದ ದಿನವೇ ಹೇಳಿ. ನಾಯಿ ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇವೆಲ್ಲ ‘ದೂರ ಇರು’ ಎಂದು ಹೇಳುವ ರೀತಿ. ಗುರ್ ಎಂದರೆ ಗದರಬೇಡಿ. ಗದರಿಸಿಕೊಂಡ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚೀತು. ಅಡಿಕೆ ಸುಲಿಯುವ ದಿನಗಳಲ್ಲಿ ಮನೆ ತುಂಬ ಹೊಸಬರು. ನಾಯಿಯ ಮೂಲೆಯ ಮುಂದೆ ಬೆಂಚೋ ಹಗ್ಗವೋ ಅಡ್ಡ ಇಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ವರ್ಷಕ್ಕೊಮ್ಮೆಯ ರೇಬೀಸ್ ಲಸಿಕೆಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಗುಡುಗು ಮತ್ತು ಪಟಾಕಿಯ ದಿನ

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ದೀಪಾವಳಿ, ಗಣಪತಿ ಮೆರವಣಿಗೆ, ತೋಟದಲ್ಲಿ ಮಂಗ ಓಡಿಸಲು ಹೊಡೆಯುವ ಗರ್ನಾಲು. ಮೋಡ ಕಪ್ಪಾದಾಗಲೇ, ಸಂಜೆ ಕತ್ತಲಾಗುವ ಮೊದಲೇ ನಾಯಿಯನ್ನು ಹೊರಗೆ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ, ಹೊಟ್ಟೆ ತುಂಬ ಊಟ ಹಾಕಿ. ಗೂಡಿನ ಮೇಲೆ ಮೂರು ಬದಿಗೆ ಇಳಿಯುವಂತೆ ಕಂಬಳಿ ಹೊದಿಸಿ, ಬಾಯಿ ತೆರೆದಿರಲಿ. ಕಿಟಕಿ ಮುಚ್ಚಿ, ರೇಡಿಯೊ ಹಚ್ಚಿ, ಫ್ಯಾನ್ ಹಾಕಿ. ಆ ಹೊತ್ತಿನಲ್ಲಿ ಕಟ್ಟಿಹಾಕಬೇಡಿ, ಬೆದರಿ ಜಗ್ಗಿದ ನಾಯಿಯ ಕುತ್ತಿಗೆಗೆ ಸರಪಳಿ ಉರುಳಾಗಬಹುದು. ಹೊರ ಬಾಗಿಲು ಮಾತ್ರ ಭದ್ರವಾಗಿರಲಿ. ಪಟಾಕಿಗೆ ಹೆದರಿ ಓಡಿ ದಾರಿ ತಪ್ಪುವ ನಾಯಿಗಳು ಬಹಳ. ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ನಂಬಿಕೆ ತಪ್ಪು. ಅದು ನಿಮ್ಮ ಹತ್ತಿರ ಬಂದು ಒರಗಿದರೆ ಕೈಯಿಡಿ, ಮಾತನಾಡಿಸಿ. ಗೂಡಿನೊಳಗೇ ಇದ್ದರೆ ಹೊರಗೆ ಎಳೆಯಬೇಡಿ, ಹತ್ತಿರ ಕೂತರೆ ಸಾಕು.

ಸದ್ದು ನಿಂತು ಗಂಟೆಗಳಾದರೂ ನಡುಕ, ಜೊಲ್ಲು ನಿಲ್ಲದಿದ್ದರೆ, ಬಾಗಿಲು ಕೆರೆದು ಉಗುರು ಕಿತ್ತುಕೊಂಡರೆ ಗೂಡೊಂದೇ ಸಾಲದು. ಅಂಥ ನಾಯಿಗಳ ಹೆದರಿಕೆಗೆ ಔಷಧವಿದೆ. ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ. ಹತ್ತಿರದ ಪಶು ಆಸ್ಪತ್ರೆಯಲ್ಲೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೋ ತೋರಿಸಿ, ಅದೂ ಹಬ್ಬಕ್ಕೆ ಮೂರು ನಾಲ್ಕು ವಾರ ಇರುವಾಗಲೇ. ಕೆಲವು ಔಷಧಗಳು ಪರಿಣಾಮ ತೋರಲು ಅಷ್ಟು ದಿನ ಬೇಕು, ನಿಮ್ಮ ನಾಯಿಗೆ ಯಾವ ಪ್ರಮಾಣ ಒಗ್ಗುತ್ತದೆ ಎಂದು ನೋಡಿ ಹೊಂದಿಸಲು ವೈದ್ಯರಿಗೂ ಸಮಯ ಬೇಕು.