ನಿಲ್ಲದೆ ಹರಿಯುವ ಫ್ಲಶ್ ಟ್ಯಾಂಕ್: ನಾನೇ ಸರಿಮಾಡಿದ್ದು ಹೀಗೆ

ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ನೀರು ಇಳಿಯುತ್ತಾ ಬಂದರೆ ಮಂಗಳೂರಿನಲ್ಲಿ ಒಂದೊಂದು ಬಕೆಟಿಗೂ ಲೆಕ್ಕ ಶುರು. ಅಂಥ ಹೊತ್ತಿನಲ್ಲೇ ನಮ್ಮ ಫ್ಲಶ್ ಟ್ಯಾಂಕ್ ರಾತ್ರಿ ತನ್ನಷ್ಟಕ್ಕೆ ಸುಯ್ ಅಂತ ತುಂಬುವುದು, ನಿಲ್ಲುವುದು, ಮತ್ತೆ ತುಂಬುವುದು. "ಇಡೀ ಸೆಟ್ ಬದಲಿಸುವ" ಅಂದರು ಪ್ಲಂಬರ್. ಏನು ಹಾಳಾಗಿದೆ ಅಂತ ನೋಡದೆ ಬದಲಿಸಲು ನನಗೆ ಮನಸ್ಸು ಬರಲಿಲ್ಲ.

ನೀರು ಟ್ಯಾಂಕಿನಿಂದ ಕಮೋಡಿಗೆ ಸುಮ್ನೆ ಇಳಿಯಲು ಎರಡೇ ದಾರಿ. ಒಂದು, ಹೆಚ್ಚಾದ ನೀರನ್ನು ಇಳಿಸುವ ಓವರ್‌ಫ್ಲೋ ಪೈಪ್, ಇನ್ನೊಂದು ಬುಡದ ತೂತನ್ನು ಮುಚ್ಚುವ ವಾಷರ್. ಮುಚ್ಚಳ ತೆಗೆದೆ. ನೀರು ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗಿತ್ತು. ಅಂದರೆ ಟ್ಯಾಂಕ್ ತುಂಬಿದಾಗ ಒಳಬರುವ ನೀರನ್ನು ನಿಲ್ಲಿಸುವ ಫ್ಲೋಟ್ ಸರಿಯಾಗಿಯೇ ಇದೆ. ನೀರು ಬಾಯಿ ದಾಟುತ್ತಿದ್ದರೆ ಮೊದಲು ಫ್ಲೋಟಿನ ಸ್ಕ್ರೂ ತಿರುಗಿಸಿ ಮಟ್ಟ ಇಳಿಸಿ ನೋಡುತ್ತಿದ್ದೆ.

ಖಾತ್ರಿ ಮಾಡಿಕೊಳ್ಳಲು ಟ್ಯಾಂಕಿಗೆ ಅಡುಗೆಯ ಕೆಂಪು ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಒತ್ತಬೇಡಿ ಎಂದೆ. ಕಮೋಡಿನ ಹಿಂಬದಿಯಲ್ಲಿ ತೆಳ್ಳಗೆ ಕೆಂಪು ಗೆರೆ ಇಳಿಯುತ್ತಿತ್ತು. ವಾಷರೇ!

ಟ್ಯಾಂಕಿಗೆ ನೀರು ಬಿಡುವ ನಲ್ಲಿ, ಅಂದರೆ ಆ್ಯಂಗಲ್ ಕಾಕ್ ಬಂದ್ ಮಾಡಿ, ಫ್ಲಶ್ ಒತ್ತಿ ಟ್ಯಾಂಕ್ ಖಾಲಿ ಮಾಡಿದೆ. ನಮ್ಮಲ್ಲಿರುವುದು ಎರಡು ಬಟನ್‌ನದ್ದು. ಅದರ ನಡುವಿನ ವಾಲ್ವ್ ಹಿಡಿದು ಕಾಲು ಸುತ್ತು ತಿರುಗಿಸಿದರೆ ಕೈಗೇ ಬರುತ್ತದೆ, ಸ್ಪ್ಯಾನರ್ ಬೇಡ. ಬುಡದಲ್ಲಿ ಬಳೆಯಂಥ ರಬ್ಬರ್ ವಾಷರ್. ಮುಟ್ಟಿದರೆ ಬೆರಳೆಲ್ಲ ಕಪ್ಪು. ಉಗುರಿನಿಂದ ಒತ್ತಿದ ಗುಳಿ ಹಾಗೇ ಉಳಿಯಿತು. ರಬ್ಬರ್ ಹೀಗಾದರೆ ತೊಳೆದು ಪ್ರಯೋಜನವಿಲ್ಲ.

ವಾಷರ್ ಕೂರುವ ಜಾಗದಲ್ಲಿ ಕೆಂಪು ಕೆಸರು ಜಾಸ್ತಿಯೇ ಇತ್ತು. ನಮಗೆ ಬೋರ್ ನೀರೂ ಬರುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿ ತಾಗಿದರೆ ತುಕ್ಕಾಗಿ ತಳದಲ್ಲಿ ಕೂರುತ್ತದೆ. ಬಟ್ಟೆಯಿಂದ ಒರೆಸಿ, ಸುತ್ತಲೂ ಬೆರಳಾಡಿಸಿದೆ. ಎಲ್ಲೂ ತರಿತರಿ ಇಲ್ಲ. ಈ ಕೆಸರನ್ನು ಹಾಗೇ ಬಿಟ್ಟರೆ ಹೊಸ ವಾಷರ್ ಹಾಕಿದರೂ ನೀರು ಸೋರುತ್ತದೆ.

ಹಳೆಯದ್ದನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ. "ತಂದದ್ದು ಒಳ್ಳೆಯದಾಯ್ತು ಮಾರಾಯ್ರೆ, ಒಂದೊಂದು ಕಂಪೆನಿಗೆ ಒಂದೊಂದು ಸೈಜ್ ಉಂಟು" ಅಂದರು ಅಂಗಡಿಯವರು. ಮೇಲಿಟ್ಟು ತಾಳೆ ನೋಡಿಯೇ ಕೊಟ್ಟರು. ಇಡೀ ಸೆಟ್ಟಿನ ಬೆಲೆಯ ಮುಂದೆ ಇದು ಏನೂ ಅಲ್ಲ.

ವಾಷರ್ ಹಾಕಿ, ವಾಲ್ವ್ ಕೂರಿಸಿ, ಮತ್ತೆ ಬಣ್ಣ ಹಾಕಿ ನೋಡಿದೆ. ಕಮೋಡಿನ ನೀರು ತಿಳಿಯಾಗಿಯೇ ಇತ್ತು. ಈಗ ಆ್ಯಂಗಲ್ ಕಾಕನ್ನು ಆಗಾಗ ತಿರುಗಿಸಿ ಬಿಡುತ್ತೇನೆ. ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಅದು ಜಾಮ್ ಆಗಿರುತ್ತದೆ.